ಒಮ್ಮೆ ಕಿತ್ತ ಪಟ್ಟಿ ಮತ್ತೆ ಏಕೆ ಅಂಟುವುದಿಲ್ಲ?

ರಕ್ತಪರೀಕ್ಷೆಗೆ ಹೋದಾಗ ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿಯಿಟ್ಟು, ಮೇಲೊಂದು ಪಟ್ಟಿ ಅಂಟಿಸಿ ಕಳಿಸುತ್ತಾರೆ. ಮನೆಗೆ ಬಂದು ಅದನ್ನು ಕೀಳುತ್ತೇವೆ. ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಮತ್ತೆ ಅಂಟಿಸಹೋದರೆ ಅದು ಹಿಡಿಯುವುದೇ ಇಲ್ಲ. ಗೋಂದು ಒಣಗಿತೆ? ಬೆರಳಿಟ್ಟು ನೋಡಿ: ಚರ್ಮಕ್ಕೆ ತಾಗದೆ ಮಡಚಿಕೊಂಡಿದ್ದ ಅಂಚು ಇನ್ನೂ ಜಿಗುಟಾಗಿಯೇ ಇದೆ. ಚರ್ಮಕ್ಕೆ ತಾಗಿದ್ದ ಭಾಗದಲ್ಲಿ ಮಾತ್ರ ಅಂಟು ಹೋಗಿದೆ. ಬೆಳಕಿಗೆ ಹಿಡಿದರೆ ಅಲ್ಲಿ ಮಸುಕು ಬಿಳುಪಿನ ತೆಳುವಾದ ಪೊರೆ ಕಾಣಿಸುತ್ತದೆ.

ಅದು ನಿಮ್ಮದೇ ಚರ್ಮ. ಪಟ್ಟಿ ಚರ್ಮದ ತೀರ ಮೇಲಿನ ಒಂದು ಪದರವನ್ನು ಹಿಡಿದುಕೊಂಡು ಬಂದಿದೆ. ಗೋಂದಿನ ಮೈತುಂಬ ಸತ್ತ ಜೀವಕೋಶಗಳು ಕೂತಿರುವುದರಿಂದ ಹೊಸದಾಗಿ ಇನ್ನೇನನ್ನೂ ಹಿಡಿಯಲು ಅದಕ್ಕೆ ಜಾಗವಿಲ್ಲ.

ಹಾವು ಪೊರೆ ಬಿಡುವುದನ್ನು ನಾವು ವಿಸ್ಮಯದಿಂದ ನೋಡುತ್ತೇವೆ. ಬೇಲಿಯ ಮೇಲೆ ಬಾಲದಿಂದ ತಲೆಯವರೆಗೆ ಇಡಿಯಾಗಿ ಸಿಗುವ ಪೊರೆ ಅದು. ನಾವೂ ಪೊರೆ ಬಿಡುವವರೇ. ಆದರೆ ದಿನವೂ, ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆಗಳಾಗಿ. ಹಾಸಿಗೆ ಕೊಡವಿದಾಗ ಹಾರುವ ಧೂಳಿನಲ್ಲಿ ಅದರ ಪಾಲೂ ಇದೆ. ಹೀಗೆ ಗುಡಿಸಿ ಎಸೆಯುವ ಕಸದಲ್ಲಿ, ಚರ್ಮ ಯಾವ ಕಾಯಿಲೆಯಿಂದ ನರಳುತ್ತಿದೆ ಎಂಬ ವಿವರ ಬರೆದಿರುತ್ತದೆ ಎಂದರೆ ನಂಬುವುದು ಕಷ್ಟ. ಕಳೆದ ಕೆಲವು ವರ್ಷಗಳಲ್ಲಿ ಆ ಬರಹವನ್ನು ಓದಲು ಸಾಧ್ಯವಾಗಿದೆ.

ಬಾಳೆಯ ಪಟ್ಟೆ, ಸಂಡಿಗೆಯ ಹಿಟ್ಟು

ಬಾಳೆಯ ಗಿಡ ಕಡಿದವರಿಗೆ ಗೊತ್ತು. ಹೊಸ ಪಟ್ಟೆ ಹುಟ್ಟುವುದು ಒಳಗೆ. ಅದು ಬೆಳೆದಂತೆ ಹಳೆಯ ಪಟ್ಟೆಗಳು ಹೊರಕ್ಕೆ ಸರಿಯುತ್ತವೆ. ಎಲ್ಲಕ್ಕಿಂತ ಹೊರಗೆ ಕಂದಾಗಿ ಒಣಗಿ ಜೋತು ಬಿದ್ದಿರುವುದು ಎಲ್ಲಕ್ಕಿಂತ ಹಳೆಯದು. ದಿಂಡು ಬೇಕೆಂದರೆ ಹಳೆಯದರಿಂದ ಹೊಸದರ ಕಡೆಗೆ ಒಂದೊಂದೇ ಪಟ್ಟೆ ಸುಲಿಯುತ್ತ ಹೋಗಬೇಕು.

ಚರ್ಮವೂ ಹಾಗೆಯೇ. ಹೊರಚರ್ಮದ ತಳದಲ್ಲಿ ಜೀವಕೋಶಗಳು ಸದಾ ಒಡೆದು ಎರಡಾಗುತ್ತಿರುತ್ತವೆ. ಹುಟ್ಟಿದ ಕೋಶ ನಿಧಾನವಾಗಿ ಮೇಲಕ್ಕೆ ಸರಿಯುತ್ತದೆ. ಸುಮಾರು ಎರಡು ವಾರ ಅದು ಬದುಕಿರುತ್ತದೆ. ಆಮೇಲೆ ತನ್ನ ಕೇಂದ್ರವನ್ನು ತಾನೇ ಕರಗಿಸಿಕೊಂಡು, ಚಪ್ಪಟೆಯಾಗಿ, ಗಟ್ಟಿ ಪ್ರೋಟೀನಿನ ಕವಚದೊಳಗೆ ಮುಚ್ಚಿಕೊಂಡು ಸಾಯುತ್ತದೆ. ಸತ್ತ ಮೇಲೂ ಇನ್ನೆರಡು ವಾರ ಗೋಡೆಯ ಹೆಂಚಾಗಿ ಕೆಲಸ ಮಾಡಿ, ಕೊನೆಗೆ ಉದುರುತ್ತದೆ. ಒಟ್ಟು ನಾಲ್ಕು ವಾರದ ಪಯಣ. ಈ ಸತ್ತ ಕೋಶಗಳ ಗೋಡೆಗೆ ವೈದ್ಯರ ಹೆಸರು ಸ್ಟ್ರ್ಯಾಟಮ್ ಕಾರ್ನಿಯಮ್. ಕಾರ್ನಿಯಮ್ ಎಂದರೆ ಕೊಂಬಿನಂಥದ್ದು. ನಾವು ಕೊಂಬುಪದರ ಎನ್ನೋಣ. ಅಂಗೈ ಅಂಗಾಲುಗಳನ್ನು ಬಿಟ್ಟರೆ ಮೈಯ ಹೆಚ್ಚಿನ ಕಡೆ ಅದರಲ್ಲಿರುವುದು 15ರಿಂದ 20 ಸಾಲು ಹೆಂಚು. ಎಲ್ಲ ಸೇರಿದರೂ ಒಂದು ತಲೆಗೂದಲಿನ ದಪ್ಪ ಇಲ್ಲ. ಹೊರಗಿನ ಧೂಳು, ರೋಗಾಣುಗಳನ್ನು ತಡೆಯುವುದೂ ಒಳಗಿನ ನೀರು ಆರಿಹೋಗದಂತೆ ಕಾಯುವುದೂ ಇಷ್ಟು ತೆಳುವಾದ ಗೋಡೆಯೇ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸಂಡಿಗೆ ಇಡುವಾಗ ಹಿಟ್ಟಿಗೆ ಉಪ್ಪು, ಜೀರಿಗೆ, ಮೆಣಸಿನ ಖಾರ ಎಲ್ಲ ಬಿದ್ದಿರುತ್ತದೆ. ಬಿಸಿಲಿಗೆ ನೀರು ಆರಿದರೂ ಹಿಟ್ಟಿನಲ್ಲಿದ್ದದ್ದು ಸಂಡಿಗೆಯಲ್ಲೇ ಉಳಿಯುತ್ತದೆ. ಆರು ತಿಂಗಳ ಮೇಲೆ ಕರಿದು ಬಾಯಿಗಿಟ್ಟರೂ ಅಂದಿನ ಹಿಟ್ಟಿಗೆ ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ತಿಳಿಯುತ್ತದೆ. ಚರ್ಮಕೋಶವೂ ಒಣಗುವಾಗ ತನ್ನಲ್ಲಿದ್ದ ಪ್ರೋಟೀನು, ಕೊಬ್ಬು, ಉರಿಯೂತದ ರಾಸಾಯನಿಕ ಮುಂತಾದವನ್ನು ಬಹುಪಾಲು ತನ್ನಲ್ಲೇ ಇಟ್ಟುಕೊಂಡು ಮುಚ್ಚಿಕೊಳ್ಳುತ್ತದೆ. ಅದು ಬದುಕಿದ್ದಾಗ ಸುತ್ತಮುತ್ತ ಉರಿಯೂತ ಇತ್ತೇ, ಇದ್ದರೆ ಯಾವ ಬಗೆಯದು ಎಂಬುದು ಸತ್ತ ಮೇಲೂ ಅದರಲ್ಲಿ ಸಿಗುತ್ತದೆ. ಬಾಳೆಯ ಲೆಕ್ಕ ಹಿಡಿದರೆ ಹೊರಗಿನ ಹೆಂಚಿನಲ್ಲಿ ಎರಡು ವಾರದ ಹಿಂದಿನ ಸುದ್ದಿ, ಒಳಗಿನದರಲ್ಲಿ ಮೊನ್ನೆಯ ಸುದ್ದಿ.

ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ತುಂಡು ತೆಗೆಯುವ ದಾರಿ

ಚರ್ಮದ ಕಾಯಿಲೆಯನ್ನು ಆಳವಾಗಿ ತಿಳಿಯಬೇಕೆಂದರೆ ವೈದ್ಯರು ನೂರಕ್ಕೂ ಹೆಚ್ಚು ವರ್ಷಗಳಿಂದ ಮಾಡುತ್ತ ಬಂದಿರುವುದು ಬಯಾಪ್ಸಿ, ಅಂದರೆ ತುಂಡುಪರೀಕ್ಷೆ. ಅಮೆರಿಕದ ವೈದ್ಯ ಎಡ್ವರ್ಡ್ ಕೀಸ್ 1887ರಲ್ಲಿ ವಿವರಿಸಿದ ಪಂಚ್ ಎಂಬ ಸಲಕರಣೆಯ ಮೊಮ್ಮಕ್ಕಳೇ ಇಂದಿಗೂ ಬಳಕೆಯಲ್ಲಿವೆ. ಚೂಪಾದ ಅಂಚಿನ ಸಣ್ಣ ಕೊಳವೆ ಅದು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕೊಳವೆಯನ್ನು ತಿರುಗಿಸುತ್ತ ಒತ್ತಿ, ಮೂರು ನಾಲ್ಕು ಮಿಲಿಮೀಟರ್ ಅಗಲದ ತುಂಡನ್ನು ಎತ್ತುತ್ತಾರೆ. ಬೇಕಾದರೆ ಒಂದೋ ಎರಡೋ ಹೊಲಿಗೆ ಹಾಕುತ್ತಾರೆ.

ಈ ತುಂಡು ಅಮೂಲ್ಯ. ಮೇಲಿನ ಹೆಂಚಿನಿಂದ ಕೆಳಗಿನ ರಕ್ತನಾಳದವರೆಗೆ ಇಡೀ ಮನೆಯ ನಕ್ಷೆಯೇ ಅದರಲ್ಲಿ ಸಿಗುತ್ತದೆ. ಕ್ಯಾನ್ಸರ್‌ನ ಅನುಮಾನ ಬಂದಾಗ ಅದಕ್ಕೆ ಬದಲಿಲ್ಲ. ವೈದ್ಯರು ತುಂಡುಪರೀಕ್ಷೆ ಬೇಕು ಎಂದಾಗ ಹಿಂಜರಿಯಬಾರದು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಆದರೆ ಇಸಬು, ಸೋರಿಯಾಸಿಸ್‌ಗಳು ವರ್ಷಗಟ್ಟಲೆ ಏರಿಳಿಯುವ ಕಾಯಿಲೆಗಳು. ಅವುಗಳ ಹಿಂದೆ ಹೋಗಬೇಕೆಂದರೆ ಒಬ್ಬನೇ ರೋಗಿಯಿಂದ ಇಂದು, ಮುಂದಿನ ವಾರ, ಮದ್ದು ಕೊಟ್ಟ ಮೂರು ತಿಂಗಳ ಮೇಲೆ ಹೀಗೆ ಮತ್ತೆ ಮತ್ತೆ ಮಾದರಿ ಬೇಕು. ಎಷ್ಟು ತುಂಡು ತೆಗೆಯುವುದು? ಪ್ರತಿ ತುಂಡೂ ಒಂದು ಕಲೆ ಬಿಟ್ಟು ಹೋಗುತ್ತದೆ. ನಮ್ಮಂಥ ಕಪ್ಪು-ಕಂದು ಬಣ್ಣದವರಲ್ಲಿ ಗಾಯದ ಜಾಗ ಉಬ್ಬಿ ಕೆಲಾಯ್ಡ್ ಆಗುವ ಸಂಭವವೂ ಹೆಚ್ಚು. ಸೋರಿಯಾಸಿಸ್‌ನಲ್ಲಿ ಇನ್ನೊಂದು ತೊಡಕಿದೆ. ಚೆನ್ನಾಗಿದ್ದ ಚರ್ಮಕ್ಕೆ ಪೆಟ್ಟಾದರೆ ಕೆಲವರಿಗೆ ಆ ಗಾಯದ ಗೆರೆಯಲ್ಲೇ ಕಾಯಿಲೆ ಎದ್ದುಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಗುರುತಿಸಿದ ಜರ್ಮನ್ ವೈದ್ಯ ಹೈನ್‌ರಿಖ್ ಕ್ಯೋಬ್ನರ್ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ.

ಇಸಬು ಮುಖ್ಯವಾಗಿ ಮಕ್ಕಳ ಕಾಯಿಲೆ. ಹೆಚ್ಚಿನ ಮಕ್ಕಳಲ್ಲಿ ಅದು ಶುರುವಾಗುವುದು ಶಾಲೆಗೆ ಸೇರುವ ಮೊದಲೇ. ರಾತ್ರಿಯಿಡೀ ತುರಿಸಿಕೊಂಡು ಅಳುವ ಎಂಟು ತಿಂಗಳ ಕೂಸಿನ ತೋಳಿನಿಂದ ಸಂಶೋಧನೆಗಾಗಿ ತುಂಡು ಕೊಡಿ ಎಂದು ಯಾವ ತಾಯಿಯನ್ನು ಕೇಳುವುದು? ಹೀಗಾಗಿ ಬಹುಕಾಲ ಇಸಬಿನ ತಿಳಿವಳಿಕೆಯೆಲ್ಲ ಬಂದದ್ದು ದೊಡ್ಡವರ ಚರ್ಮದಿಂದ. ಇಪ್ಪತ್ತು ಮೂವತ್ತು ವರ್ಷ ಕಾಯಿಲೆ ಅನುಭವಿಸಿ, ತುರಿಸಿ ತುರಿಸಿ ಜಡ್ಡುಗಟ್ಟಿದ ಚರ್ಮ ಅದು. ಬೆಂಕಿ ಹೇಗೆ ಹತ್ತಿಕೊಂಡಿತು ಎಂದು ಬೂದಿಯನ್ನು ಕೇಳಿದಂತೆ.

ಸ್ಕಾಚ್ ಟೇಪು ಮತ್ತು ಪಿಂಕಸ್

ಅಮೆರಿಕದ 3ಎಂ ಕಂಪನಿಯ ರಿಚರ್ಡ್ ಡ್ರೂ ಪಾರದರ್ಶಕ ಅಂಟುಪಟ್ಟಿಯನ್ನು ತಂದದ್ದು 1930ರಲ್ಲಿ. ನಾವು ಸೆಲ್ಲೊಟೇಪ್ ಎನ್ನುವ ಪಟ್ಟಿ ಆ ಜಾತಿಯದು. ಚರ್ಮ ಬಲ್ಲವರಿಗೆ ಅದರಲ್ಲಿ ಬೇರೆಯೇ ಉಪಯೋಗ ಕಂಡಿತು. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಹರ್ಮನ್ ಪಿಂಕಸ್ 1951ರಲ್ಲಿ ಒಂದು ಲೇಖನ ಬರೆದು, ಒಂದೇ ಜಾಗಕ್ಕೆ ಟೇಪು ಅಂಟಿಸಿ ಕಿತ್ತು, ಮತ್ತೆ ಹೊಸ ಟೇಪು ಅಂಟಿಸಿ ಕಿತ್ತು, ಕೊಂಬುಪದರವನ್ನು ಸಾಲುಸಾಲಾಗಿ ಬಿಡಿಸುವ ಕ್ರಮವನ್ನು ವಿವರಿಸಿದರು. ಪೂರ್ತಿ ಬಿಡಿಸಿದರೆ ಕೆಳಗೆ ಒದ್ದೆಯಾಗಿ ಹೊಳೆಯುವ ಜೀವಂತ ಚರ್ಮ ಸಿಗುತ್ತದೆ. ಹಾಗೆ ಬಿಡಿಸಿದ ಎರಡು ಮೂರು ದಿನಗಳಲ್ಲಿ ತಳದ ಕೋಶಗಳು ಭರದಿಂದ ಒಡೆಯತೊಡಗುತ್ತವೆ ಎಂಬುದನ್ನೂ ಪಿಂಕಸ್ ಎಣಿಸಿ ತೋರಿಸಿದರು. ಗೋಡೆ ಕಿತ್ತಿದೆ ಎಂಬ ಸುದ್ದಿ ತಳಕ್ಕೆ ಮುಟ್ಟುತ್ತದೆ. ಅಲ್ಲಿಂದ ದುರಸ್ತಿ ಶುರುವಾಗುತ್ತದೆ.

ನಮ್ಮ ಚರ್ಮವೈದ್ಯರಿಗೂ ಟೇಪು ಹೊಸದಲ್ಲ. ಬೆನ್ನು ಕತ್ತಿನ ಮೇಲೆ ಬಿಳಿ ಮಚ್ಚೆಯಾಗಿ ಹರಡುವ ಚಿಬ್ಬಿಗೆ ಸೆಲ್ಲೊಟೇಪ್ ಒತ್ತಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಬೂಷ್ಟನ್ನು ನೋಡುವುದು ಹಳೆಯ ರೂಢಿ. ಕುಷ್ಠರೋಗದ ಪರೀಕ್ಷೆಯಲ್ಲಿ ಕಿವಿಯ ಹಾಲೆಯನ್ನು ಚಿವುಟಿ ಹಿಡಿದು ಪುಟ್ಟ ಗೀರು ಹಾಕಿ ರಸ ಒರೆಸಿಕೊಳ್ಳುವುದೂ ಇದೇ ಹಾದಿಯದು: ಸಾಕಷ್ಟು ತಿಳಿಯಬೇಕು, ಆದರೆ ಕಡಿಮೆ ನೋಯಿಸಬೇಕು.

ಇಂದಿನ ಸಂಶೋಧನೆಯಲ್ಲಿ ಬಳಸುವುದು ಅಂಗಡಿಯ ಟೇಪಲ್ಲ. ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟಿರುವ, 22 ಮಿಲಿಮೀಟರ್ ಅಡ್ಡಳತೆಯ ದುಂಡು ಬಿಲ್ಲೆಗಳು. ಪ್ರತಿ ಬಿಲ್ಲೆಯನ್ನೂ ಒಂದೇ ಒತ್ತಡದಲ್ಲಿ, ಒಂದೇ ಹೊತ್ತು ಒತ್ತಿಹಿಡಿದು ಒಂದೇ ಏಟಿಗೆ ಕೀಳುತ್ತಾರೆ. ಹತ್ತು, ಹದಿನೈದು, ಇಪ್ಪತ್ತು ಬಿಲ್ಲೆ. ಪ್ರತಿಯೊಂದರ ಮೇಲೂ ಕ್ರಮಸಂಖ್ಯೆ ಬರೆದು ಆಳವಾದ ಶೈತ್ಯದಲ್ಲಿ ಇಡುತ್ತಾರೆ. ಸಂಖ್ಯೆ ತಪ್ಪಿದರೆ ಎಲ್ಲ ಕೆಟ್ಟಿತು, ಏಕೆಂದರೆ ಆ ಸಂಖ್ಯೆಯೇ ತಾರೀಖು. ಮೈಗೆ ಆಗುವುದು ಸ್ವಲ್ಪ ಉರಿ, ಸ್ವಲ್ಪ ಕೆಂಪು. ಕೆಲವು ದಿನಗಳಲ್ಲಿ ಮಾಯುತ್ತದೆ. ರಕ್ತವಿಲ್ಲ, ಹೊಲಿಗೆಯಿಲ್ಲ.

ಟೇಪು ಗೊತ್ತಿದ್ದೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಯಬೇಕಾದದ್ದು ಓದುವ ಶಕ್ತಿಗಾಗಿ. ಒಂದು ಬಿಲ್ಲೆಯಲ್ಲಿ ಸಿಗುವ ಸರಕು ಅತ್ಯಲ್ಪ. ಜೀವಕೋಶ ಪ್ರೋಟೀನು ತಯಾರಿಸಲು ಬರೆದುಕೊಳ್ಳುವ ಚೀಟಿ, ಅಂದರೆ ಆರ್‌ಎನ್‌ಎ, ಸತ್ತ ಕೋಶಗಳಲ್ಲಿ ಚೂರುಚೂರಾಗಿ ಉಳಿದಿರುತ್ತದೆ. ಆಳದ ಬಿಲ್ಲೆಗಳಲ್ಲಿ, ಜೀವಂತ ಪದರದ ಹತ್ತಿರ, ಸ್ವಲ್ಪ ಹೆಚ್ಚು. ಆ ಚೂರುಗಳನ್ನು ನಕಲು ಮಾಡಿ ಹೆಚ್ಚಿಸಿ, ಸಾವಿರಾರು ವಂಶವಾಹಿಗಳ ಚೀಟಿಗಳನ್ನು ಒಟ್ಟಿಗೆ ಓದಬಲ್ಲ ಯಂತ್ರಗಳು ಬಂದ ಮೇಲೆ ಟೇಪಿಗೆ ಎರಡನೆಯ ಜೀವ ಬಂತು.

ಹೊಗೆ ಒಂದೇ, ಒಲೆ ಬೇರೆ

ಅಂಗೈಯಲ್ಲಿ ಬಿರುಕು, ಹೊಟ್ಟು, ತುರಿಕೆ. ಇದು ಇಸಬೋ ಸೋರಿಯಾಸಿಸ್ಸೋ? ಎಷ್ಟೋ ಸಲ ಅನುಭವಿ ವೈದ್ಯರೂ ತಡವರಿಸುತ್ತಾರೆ. ಕೆಲವೊಮ್ಮೆ ತುಂಡು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಉತ್ತರ ಖಚಿತವಾಗುವುದಿಲ್ಲ.

ಒಳಗೆ ಮಾತ್ರ ಎರಡೂ ಬೇರೆ ಬೇರೆ ಕಥೆ. ಇಸಬಿನಲ್ಲಿ ರೋಗರಕ್ಷಣೆಯ ಕೋಶಗಳು ಇಂಟರ್‌ಲ್ಯೂಕಿನ್ 4 ಮತ್ತು 13 ಎಂಬ ಸಂದೇಶಗಳನ್ನು ಹೆಚ್ಚಾಗಿ ಕಳಿಸುತ್ತವೆ. ಅವು ಚರ್ಮದ ಗೋಡೆಯನ್ನು ಇನ್ನಷ್ಟು ಸಡಿಲ ಮಾಡಿ ತುರಿಕೆಯನ್ನು ಎಬ್ಬಿಸುತ್ತವೆ. ಸೋರಿಯಾಸಿಸ್‌ನಲ್ಲಿ ಮೇಲುಗೈ ಇಂಟರ್‌ಲ್ಯೂಕಿನ್ 17ರದು. ಅದು ತಳದ ಕೋಶಗಳನ್ನು ಹುಚ್ಚು ವೇಗದಲ್ಲಿ ಓಡಿಸುತ್ತದೆ. ನಾಲ್ಕು ವಾರದ ಪಯಣ ವಾರದೊಳಗೆ ಮುಗಿಯುತ್ತದೆ. ಸಾಯುವಾಗ ಕೇಂದ್ರವನ್ನು ಕರಗಿಸಿಕೊಳ್ಳಲೂ ಕೋಶಕ್ಕೆ ಪುರುಸೊತ್ತಿಲ್ಲ. ಸೋರಿಯಾಸಿಸ್‌ನ ಬೆಳ್ಳಿಬಣ್ಣದ ಚಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಇರಬಾರದ ಆ ಕೇಂದ್ರಗಳು ಹೆಂಚುಗಳಲ್ಲಿ ಹಾಗೆಯೇ ಕಾಣುತ್ತವೆ.

ಈ ಎರಡನ್ನು ಬೇರ್ಪಡಿಸುವ ಗುರುತು ಹುಡುಕಲು ಜರ್ಮನಿಯ ಮ್ಯೂನಿಕ್‌ನ ಸಂಶೋಧಕರು ಮಾಡಿದ ಕೆಲಸ ನನಗೆ ಬಹಳ ಇಷ್ಟ. ಒಬ್ಬನ ಇಸಬನ್ನು ಇನ್ನೊಬ್ಬನ ಸೋರಿಯಾಸಿಸ್‌ಗೆ ಹೋಲಿಸಿದರೆ ಕಾಣುವ ವ್ಯತ್ಯಾಸ ಕಾಯಿಲೆಯದೋ ಆ ಇಬ್ಬರ ಹುಟ್ಟುಗುಣದ್ದೋ ಹೇಳಲಾಗದು. ಅದಕ್ಕೆ ಅವರು ಎರಡೂ ಕಾಯಿಲೆ ಒಟ್ಟಿಗೇ ಇರುವ 24 ಮಂದಿ ಅಪರೂಪದ ರೋಗಿಗಳನ್ನು ಹುಡುಕಿದರು. ಒಂದೇ ಮೈ, ಒಂದೇ ರಕ್ತ, ಒಂದೇ ಊಟ. ಇಲ್ಲಿ ಇಸಬು, ಅಲ್ಲಿ ಸೋರಿಯಾಸಿಸ್. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೇವಲ ಎರಡು ವಂಶವಾಹಿಗಳನ್ನು ಓದಿದರೆ ಸಾಕು, ಎರಡೂ ಕಾಯಿಲೆಗಳನ್ನು ಬಿಡಿಸಬಹುದು ಎಂದು ಕಂಡಿತು. ಒಂದು ಎನ್‌ಒಎಸ್‌2, ನೈಟ್ರಿಕ್ ಆಕ್ಸೈಡ್ ಅನಿಲ ತಯಾರಿಸುವ ಕಿಣ್ವದ್ದು. ಸೋರಿಯಾಸಿಸ್‌ನಲ್ಲಿ ಅದು ಏರಿರುತ್ತದೆ. ಇನ್ನೊಂದರ ಹೆಸರು ಸಿಸಿಎಲ್‌27.

ಅದು ತುಂಡುಗಳಿಂದ ಬಂದ ಉತ್ತರ. ಆಮೇಲೆ ನ್ಯೂಯಾರ್ಕಿನ ಮೌಂಟ್ ಸಿನಾಯ್‌ನಲ್ಲಿ ಎಮ್ಮಾ ಗಟ್‌ಮನ್-ಯಾಸ್ಕಿಯವರ ತಂಡ ಟೇಪನ್ನು ಪರೀಕ್ಷೆಗೆ ಒಡ್ಡಿತು. ಟೇಪಿಗೆ ಅಂಟಿದ ಸತ್ತ ಚರ್ಮದಲ್ಲಿ ಎನ್‌ಒಎಸ್‌2ರ ಚೀಟಿಯೊಂದನ್ನೇ ಅಳೆದು ಆ ಗುಂಪಿನ ಇಸಬಿನವರನ್ನೂ ಸೋರಿಯಾಸಿಸ್‌ನವರನ್ನೂ ಒಬ್ಬರೂ ತಪ್ಪದಂತೆ ಬೇರ್ಪಡಿಸಲಾಯಿತು. ಸಣ್ಣ ಗುಂಪು, ಕಾಯಿಲೆ ಜೋರಾಗಿಯೇ ಇದ್ದವರು. ಎಲ್ಲ ಅಂಗೈಗಳಲ್ಲೂ ಇದು ಹೀಗೆಯೇ ನಡೆಯುತ್ತದೆ ಎಂದು ಹಿಗ್ಗಬಾರದು. ಆದರೂ ಸತ್ತ ಚಕ್ಕೆ ಒಳಗಿನ ಒಲೆ ಯಾವುದೆಂದು ಹೇಳಬಲ್ಲದು ಎಂಬುದು ಅಲ್ಲಿಗೆ ಖಚಿತವಾಯಿತು.

ಒಲೆ ಯಾವುದೆಂದು ತಿಳಿಯುವುದು ಬರೀ ಕುತೂಹಲದ ಮಾತಲ್ಲ. ಇಂದಿನ ಮದ್ದುಗಳು ಒಂದೊಂದು ಸಂದೇಶವನ್ನೇ ಗುರಿಯಿಟ್ಟು ತಡೆಯುತ್ತವೆ. ಅಮೆರಿಕದಲ್ಲಿ 2015ರಲ್ಲಿ ಸೋರಿಯಾಸಿಸ್‌ಗೆ ಒಪ್ಪಿಗೆ ಪಡೆದ ಸೆಕುಕಿನುಮ್ಯಾಬ್ 17ನೆಯ ಇಂಟರ್‌ಲ್ಯೂಕಿನನ್ನು ಹಿಡಿಯುತ್ತದೆ. 2017ರಲ್ಲಿ ಇಸಬಿಗೆ ಬಂದ ಡುಪಿಲುಮ್ಯಾಬ್ 4 ಮತ್ತು 13ರ ಬಾಗಿಲನ್ನು ಮುಚ್ಚುತ್ತದೆ. ಹವಾನಾದಲ್ಲಿ ಹುಟ್ಟಿ ಬೆಂಗಳೂರಿನ ಬಯೋಕಾನ್‌ನಲ್ಲಿ ಬೆಳೆದ ಇಟೊಲಿಜುಮ್ಯಾಬ್‌ಗೆ ಭಾರತದಲ್ಲಿ 2013ರಲ್ಲಿ ಸೋರಿಯಾಸಿಸ್‌ಗೆಂದು ಒಪ್ಪಿಗೆ ಸಿಕ್ಕಿತು. ಅದು ತಡೆಯುವುದು ಇನ್ನೊಂದೇ ಬಾಗಿಲನ್ನು. ಎಲ್ಲವೂ ದುಬಾರಿ. ತಪ್ಪು ಬಾಗಿಲು ಮುಚ್ಚಿದರೆ ಹಣ ಹೋಗುವುದಷ್ಟೇ ಅಲ್ಲ, ಡುಪಿಲುಮ್ಯಾಬ್ ಪಡೆದ ಕೆಲವರಲ್ಲಿ ಸೋರಿಯಾಸಿಸ್‌ನಂಥ ದದ್ದು ಎದ್ದದ್ದೂ ಇದೆ.

ಚೆನ್ನಾಗಿಯೇ ಕಾಣುವ ತೋಳು

ಟೇಪು ಕೊಟ್ಟ ದೊಡ್ಡ ಉತ್ತರ ಮಕ್ಕಳದು. ಗಟ್‌ಮನ್-ಯಾಸ್ಕಿಯವರ ತಂಡವೇ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಮೇಲೆ ಟೇಪು ಬಳಸಿತು. ಕಾಯಿಲೆ ಶುರುವಾಗಿ ಆರು ತಿಂಗಳೂ ಆಗದ ಮಕ್ಕಳು ಅವರು. ದದ್ದಿರುವ ಜಾಗದಿಂದಲೂ, ಏನೂ ಇಲ್ಲದೆ ನಯವಾಗಿ ಕಾಣುವ ಜಾಗದಿಂದಲೂ ಟೇಪು ತೆಗೆದರು. ನಯವಾದ ಜಾಗದಲ್ಲೂ ಉರಿಯೂತದ ಸುದ್ದಿ ಸಿಕ್ಕಿತು, ಗೋಡೆ ಸಡಿಲವಾದ ಗುರುತು ಸಿಕ್ಕಿತು.

ಅದೇ ವರ್ಷ ಅಮೆರಿಕದ ಡೆನ್ವರ್‌ನಲ್ಲಿ ಡೊನಾಲ್ಡ್ ಲ್ಯೂಂಗ್ ಅವರ ತಂಡ 62 ಮಕ್ಕಳಿಂದ ಟೇಪು ತೆಗೆಯಿತು. ಕೆಲವರಿಗೆ ಇಸಬು ಮಾತ್ರ, ಕೆಲವರಿಗೆ ಇಸಬಿನ ಜೊತೆ ಆಹಾರದ ಅಲರ್ಜಿ, ಉಳಿದವರಿಗೆ ಎರಡೂ ಇಲ್ಲ. ಟೇಪು ತೆಗೆದದ್ದು ಕಣ್ಣಿಗೆ ಚೆನ್ನಾಗಿಯೇ ಕಾಣುವ ಚರ್ಮದಿಂದ. ಆಹಾರದ ಅಲರ್ಜಿಯೂ ಇದ್ದ ಮಕ್ಕಳ ಚರ್ಮ ಉಳಿದೆರಡು ಗುಂಪಿನಿಂದ ಬೇರೆಯಾಗಿ ನಿಂತಿತು: ನೀರಿನ ಸೋರಿಕೆ ಹೆಚ್ಚು, ಫಿಲಾಗ್ರಿನ್ ಕಡಿಮೆ.

ಫಿಲಾಗ್ರಿನ್ ಎಂದರೆ ಹುಲ್ಲಿನ ಹೊರೆಗೆ ಬಿಗಿಯುವ ಹಗ್ಗದಂಥ ಪ್ರೋಟೀನು. ಸಾಯುತ್ತಿರುವ ಕೋಶದೊಳಗಿನ ನಾರುಗಳನ್ನು ಕಟ್ಟಿ ಹೆಂಚನ್ನು ಚಪ್ಪಟೆ ಮಾಡುತ್ತದೆ. ಕೆಲಸ ಮುಗಿದ ಮೇಲೆ ತಾನೇ ಚೂರಾಗಿ, ಚರ್ಮದಲ್ಲಿ ನೀರು ಹಿಡಿದಿಡುವ ಪದಾರ್ಥವಾಗುತ್ತದೆ. ಇದರ ವಂಶವಾಹಿ ಕೆಟ್ಟಿದ್ದರೆ ಇಸಬಿನ ಸಂಭವ ಹೆಚ್ಚು ಎಂದು ಸ್ಕಾಟ್ಲೆಂಡಿನ ಡಂಡಿಯಲ್ಲಿ ಇರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದರು. ಹಗ್ಗ ಸಡಿಲವಾದ ಗೋಡೆಯ ಸಂದಿಯಿಂದ ಕಡಲೆಕಾಯಿಯ, ಹಾಲಿನ, ಮೊಟ್ಟೆಯ ಕಣ ನುಸುಳಿದರೆ, ಊಟವಾಗಿ ಹೊಟ್ಟೆಗೆ ಹೋಗಬೇಕಾದದ್ದನ್ನು ಮೈ ಚರ್ಮದಲ್ಲಿ ಮೊದಲ ಸಲ ಕಂಡು ಶತ್ರುವೆಂದು ಗುರುತು ಹಾಕಿಕೊಳ್ಳಬಹುದು. ಅಲರ್ಜಿ ಚರ್ಮದಿಂದ ಶುರುವಾಗುತ್ತದೆ ಎಂಬ ಈ ವಿಚಾರಕ್ಕೆ ಡೆನ್ವರ್‌ನ ಟೇಪುಗಳು ಬಲ ಕೊಟ್ಟವು. ಪಂಚ್ ಹಿಡಿದು ಈ ಅಧ್ಯಯನ ನಡೆಯುತ್ತಲೇ ಇರಲಿಲ್ಲ. ದದ್ದೇ ಇಲ್ಲದ ತೋಳಿನಿಂದ ಮಗುವಿನ ತುಂಡು ತೆಗೆಯಲು ಯಾರು ಒಪ್ಪುತ್ತಾರೆ?

ಟೇಪು ಮುಟ್ಟದ ಆಳ

ಟೇಪಿನ ಕೈ ಗೋಡೆಯಾಚೆ ಚಾಚುವುದಿಲ್ಲ. ಒಳಚರ್ಮದ ರಕ್ತನಾಳ, ನರ, ಅಲ್ಲಿ ಬೀಡುಬಿಟ್ಟ ಕೋಶಗಳು ಅದಕ್ಕೆ ಸಿಗುವುದಿಲ್ಲ. ಅಂಗಾಲಿನಂಥ ದಪ್ಪ ಚರ್ಮದಲ್ಲಿ ಇಪ್ಪತ್ತು ಬಿಲ್ಲೆ ಕಿತ್ತರೂ ಹೊಸ್ತಿಲಲ್ಲೇ ಇರುತ್ತೇವೆ. ಸೋರಿಯಾಸಿಸ್‌ನವರ ಮೈಯಲ್ಲಿ ಒದ್ದೆ ಪದರದವರೆಗೆ ಒರಟಾಗಿ ಸುಲಿದರೆ ಕ್ಯೋಬ್ನರ್ ಹೇಳಿದ ಅಪಾಯ ಟೇಪಿಗೂ ತಪ್ಪಿದ್ದಲ್ಲ.

ಇನ್ನಷ್ಟು ಆಳಕ್ಕೆ ಫಿನ್ಲೆಂಡಿನ ಉರ್ಪೊ ಕೀಸ್ಟಲ ಮತ್ತು ಮುಸ್ಟಕಲ್ಲಿಯೊ 1964ರಲ್ಲಿ ಒಂದು ದಾರಿ ತೋರಿಸಿದ್ದರು. ಚರ್ಮದ ಮೇಲೆ ಬಟ್ಟಲು ಕವುಚಿ ಗಾಳಿ ಹೀರಿದರೆ ಒಂದೆರಡು ಗಂಟೆಯಲ್ಲಿ ಹೊರಚರ್ಮ ಒಳಚರ್ಮದಿಂದ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಅದರೊಳಗಿನ ನೀರಿನಲ್ಲಿ ರೋಗರಕ್ಷಣೆಯ ಕೋಶಗಳು ಜೀವಂತವಾಗಿಯೇ ಸಿಗುತ್ತವೆ. ಗುಳ್ಳೆಯ ಮೇಲಿನ ತೆಳು ಹಾಳೆಯನ್ನು ತೊನ್ನಿನ ಜಾಗಕ್ಕೆ ನಾಟಿ ಹಾಕುವ ಚಿಕಿತ್ಸೆ ನಮ್ಮ ದೇಶದಲ್ಲೂ ರೂಢಿಯಲ್ಲಿದೆ. ಈಗ ಅದೇ ಗುಳ್ಳೆನೀರಿನಿಂದ ತೊನ್ನು ಬಣ್ಣವನ್ನು ಹೇಗೆ ಅಳಿಸುತ್ತದೆ ಎಂದು ಓದುತ್ತಿದ್ದಾರೆ. ನೋವು ತುಂಡುಪರೀಕ್ಷೆಗಿಂತ ಕಡಿಮೆ, ಟೇಪಿಗಿಂತ ಹೆಚ್ಚು. ಹೊತ್ತು ಮಾತ್ರ ಎರಡಕ್ಕಿಂತಲೂ ಹೆಚ್ಚು.

ಕಂದು ಚರ್ಮದ ಸರದಿ

ಚರ್ಮರೋಗದ ಪುಸ್ತಕಗಳಲ್ಲಿ ಉರಿಯೂತದ ಮೊದಲ ಲಕ್ಷಣ ಕೆಂಪು. ಬಿಳಿಯ ಚರ್ಮದ ಮೇಲೆ ಅದು ಸರಿ. ನಮ್ಮ ಚರ್ಮದ ಮೇಲೆ ಅದೇ ಉರಿಯೂತ ನೇರಳೆಯಾಗಿ, ಬೂದಿಯಾಗಿ, ಬರೀ ಕಪ್ಪಾಗಿ ಕಾಣುತ್ತದೆ. ಕೆಂಪು ಕಾಣದೆ ಕಾಯಿಲೆಯ ತೀವ್ರತೆಯನ್ನು ಕಡಿಮೆ ಎಣಿಸುವುದು ನಡೆಯುತ್ತಲೇ ಇದೆ. ಟೇಪಿಗೆ ಬಣ್ಣದ ಹಂಗಿಲ್ಲ. ಕೊಂಬುಪದರದೊಳಗಿನ ರಾಸಾಯನಿಕವನ್ನು ಅದು ಯಾವ ಬಣ್ಣದ ತೋಳಿನಿಂದಲೂ ಒಂದೇ ರೀತಿ ಎತ್ತುತ್ತದೆ. ಯುರೋಪಿನವರಲ್ಲಿ ಸಾಮಾನ್ಯವಾಗಿರುವ ಫಿಲಾಗ್ರಿನ್‌ನ ದೋಷಗಳು ಬೇರೆ ಜನರಲ್ಲಿ ಹಾಗೆಯೇ ಕಾಣುವುದಿಲ್ಲ. ಹಾಗಾಗಿ ನಮ್ಮ ಮಕ್ಕಳ ಇಸಬನ್ನು ನಮ್ಮ ಮಕ್ಕಳ ಚರ್ಮದಿಂದಲೇ ಓದಬೇಕು. ಇದಕ್ಕೆ ಬೇಕಾದ ಬಿಲ್ಲೆ ಅಗ್ಗ. ಶೈತ್ಯಪೆಟ್ಟಿಗೆಯೂ ಓದುವ ಯಂತ್ರವೂ ದುಬಾರಿ, ಆದರೆ ಅವು ನಮ್ಮ ದೊಡ್ಡ ಪ್ರಯೋಗಾಲಯಗಳಲ್ಲಿ ಆಗಲೇ ಇವೆ.

ಈ ಪರೀಕ್ಷೆಯ ನೆಲೆ ಈಗಲೂ ಮುಖ್ಯವಾಗಿ ಸಂಶೋಧನೆಯೇ. ನಿಮ್ಮ ಮಗುವಿಗೆ ತುರಿಕೆಯಿದ್ದರೆ ಮನೆಯ ಸೆಲ್ಲೊಟೇಪಿನಿಂದ ಏನನ್ನೂ ಕಿತ್ತು ನೋಡಬೇಡಿ. ಆ ಗೋಡೆ ಆಗಲೇ ಸಡಿಲವಾಗಿದೆ. ಔಷಧದ ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನು ಹಚ್ಚಬೇಡಿ. ಹುಳುಕಡ್ಡಿಯನ್ನು ಇಸಬೆಂದು ತಿಳಿದು ಅದನ್ನು ಹಚ್ಚಿ, ಬೂಷ್ಟನ್ನು ಮೈತುಂಬ ಬೆಳೆಸಿಕೊಂಡವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಚರ್ಮವೈದ್ಯರಿಗೆ ತೋರಿಸಿ. ಮುಂದೊಂದು ದಿನ ಯಾವುದಾದರೂ ಅಧ್ಯಯನದವರು ಬಂದು ವಿವರಿಸಿ, ಒಪ್ಪಿಗೆ ಕೇಳಿ, ತೋಳಿನಿಂದ ಹತ್ತು ಬಿಲ್ಲೆ ತೆಗೆಯುತ್ತೇವೆ ಎಂದರೆ ಧೈರ್ಯವಾಗಿ ಕೊಡಿ. ಅವರು ಒಯ್ಯುವ ಚರ್ಮ ಇನ್ನೆರಡು ವಾರದೊಳಗೆ ಹೇಗೂ ಉದುರಿಹೋಗಲಿದ್ದದ್ದು.